ಬೀಗಿತ್ತಿಯ ಆರು ತಿಂಗಳು

ಮೊನ್ನೆ ಚಳಿ ಶುರುವಾಯಿತೆಂದು ರಜಾಯಿ ತೆಗೆಯಲು ಮಂಚದ ಪೆಟ್ಟಿಗೆ ತೆರೆದೆ. ನುಸಿ ಗುಳಿಗೆಯ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ರಜಾಯಿಗಳ ಅಡಿಯಲ್ಲಿ ಒಂದು ಪುಟ್ಟ ಕುಲಾವಿ ಸಿಕ್ಕಿತು. ಇಳಕಲ್ ಸೀರೆಯ ಸೆರಗಿನ ತುಂಡಿನಿಂದ ಕೈಯಲ್ಲೇ ಹೊಲಿದದ್ದು. ಹೊಲಿಗೆ ಎಷ್ಟು ಸಣ್ಣದೆಂದರೆ ಕನ್ನಡಕ ಹಾಕಿಕೊಂಡು ಹುಡುಕಬೇಕು. ಇಷ್ಟು ವರ್ಷದ ಮೇಲೂ ಅದನ್ನು ನೋಡಿದ ಕೂಡಲೇ ನನಗೆ ಮೊದಲು ಬಂದದ್ದು ದುಃಖವಲ್ಲ, ಹೊಟ್ಟೆಕಿಚ್ಚು.

ಹೊಲಿದವರು ನನ್ನ ಬೀಗಿತ್ತಿ, ಸೊಸೆಯ ತಾಯಿ. ಮಗ, ಸೊಸೆ ಇಬ್ಬರೂ ಇಲ್ಲಿ ನೋಯ್ಡಾದಲ್ಲಿ ಕೆಲಸಕ್ಕೆ ಹೋಗುವವರು. ಆಗ ಮೊಮ್ಮಗಳಿಗೆ ಆರು, ಮೊಮ್ಮಗನಿಗೆ ಮೂರು. ಮಕ್ಕಳನ್ನು ಪರರ ಕೈಗೆ ಬಿಡುವುದು ಬೇಡವೆಂದು ನಾವಿಬ್ಬರು ಅಜ್ಜಿಯರು ವರ್ಷವನ್ನೇ ಹಂಚಿಕೊಂಡಿದ್ದೆವು. ಜೂನಿನಿಂದ ನವೆಂಬರ್ ಅವರದು, ಡಿಸೆಂಬರಿನಿಂದ ಮೇ ನನ್ನದು. ನೋಡಿ, ಹಂಚಿಕೆಯಲ್ಲೇ ಅವರು ಗೆದ್ದಿದ್ದರು. ಗಣೇಶನ ಹಬ್ಬ, ದಸರಾ, ದೀಪಾವಳಿ ಎಲ್ಲವೂ ಅವರ ಪಾಲಿಗೆ. ನನ್ನ ಪಾಲಿಗೆ ಮಂಜು, ಮಕ್ಕಳ ಕೆಮ್ಮು, ಆಮೇಲೆ ಬಿಸಿಗಾಳಿ.

ಮಕ್ಕಳಿಗೆ ನಾನು ಅಜ್ಜಿ, ಅವರು ಅವ್ವ. ಪ್ರತಿ ಸಲ ಬಂದಾಗಲೂ ಮೊದಲ ಹದಿನೈದು ದಿನ ನಾನು ಅವ್ವನ ಜಪ ಕೇಳಬೇಕಿತ್ತು. ಜಡೆ ಹೆಣೆದರೆ "ಅವ್ವ ಐಸೆ ನಹೀ ಕರ್ತೀ", ಅವ್ವ ಹೀಗೆ ಹಾಕೋದಿಲ್ಲ ಎಂದು ಮೊಮ್ಮಗಳು ಬಿಚ್ಚಿಸುತ್ತಿದ್ದಳು. ನನ್ನ ಬಿಸಿಬೇಳೆಬಾತ್ ತಟ್ಟೆಯಲ್ಲೇ ಆರುತ್ತಿತ್ತು. ಹಿಂದಿಯ ಒಂದಕ್ಷರ ಬಾರದ ಆ ಹೆಂಗಸು ಗೇಟಿನ ಗಾರ್ಡ್ ಭಯ್ಯಾನಿಂದ ಹಿಡಿದು ತರಕಾರಿ ಭಯ್ಯಾನವರೆಗೆ ಎಲ್ಲರನ್ನೂ ಒಲಿಸಿಕೊಂಡಿದ್ದರು. ಹಿಂದಿ ಪರೀಕ್ಷೆಗಳನ್ನು ಪಾಸು ಮಾಡಿದ ನನ್ನನ್ನು ಕಂಡರೆ ಅವರೆಲ್ಲ ಕೇಳುತ್ತಿದ್ದದ್ದು "ಅವ್ವಾಜೀ ಕಬ್ ಆಯೇಂಗೀ?", ಅವ್ವ ಯಾವಾಗ ಬರ್ತಾರೆ ಎಂದು.

ನಾವಿಬ್ಬರೂ ಒಟ್ಟಿಗೆ ಇರುತ್ತಿದ್ದದ್ದು ಪಾಳಿ ಬದಲಾಗುವ ದಿನ ಮಾತ್ರ. ಕೊನೆಯ ಸಲ ನಾನು ಬೆಳಿಗ್ಗೆ ಬಂದಿಳಿದೆ, ಅವರು ಮರುದಿನ ಹೊರಡುವವರಿದ್ದರು. ಮಧ್ಯಾಹ್ನ ಅವರು ಮೊಮ್ಮಗನಿಗೆ ಉಣಿಸುವುದನ್ನು ನೋಡಿದೆ. ಬಟ್ಟಲು ಹಿಡಿದು ಲಿಫ್ಟಿನೊಳಗೆ ಹೊಕ್ಕರು. ಮಹಡಿಗೊಂದು ತುತ್ತು. ಗುಂಡಿ ಒತ್ತುವುದು ಅವನ ಕೆಲಸ, ಲಿಫ್ಟಿನ ಬಾಗಿಲು ತೆರೆದಾಗ ಅವನ ಬಾಯಿಯೂ ತೆರೆಯಬೇಕು. ಹದಿನಾಲ್ಕನೆಯ ಮಹಡಿ ಬರುವಷ್ಟರಲ್ಲಿ ಬಟ್ಟಲು ಖಾಲಿ. ನಾನು ಒಂದು ದೋಸೆ ತಿನ್ನಿಸಲು ಒಂದು ಗಂಟೆ ಒದ್ದಾಡುತ್ತಿದ್ದವಳು.

ಇದೇನು ಬ್ರಹ್ಮವಿದ್ಯೆಯೇ ಎಂದುಕೊಂಡು ಸಂಜೆ ನಾನೇ ಬಟ್ಟಲು ತೆಗೆದುಕೊಂಡು ಹೊರಟೆ. ಆರನೆಯ ಮಹಡಿ ದಾಟಿದ್ದೆವು, ಕರೆಂಟು ಹೋಯಿತು. ಜನರೇಟರ್ ಶುರುವಾಗಲು ಅರ್ಧ ನಿಮಿಷ ಸಾಕು. ಆದರೆ ಆ ಅರ್ಧ ನಿಮಿಷದ ಕತ್ತಲಲ್ಲಿ ಮಗು ನನ್ನನ್ನು ತಬ್ಬಿಕೊಳ್ಳಲಿಲ್ಲ. ಬಾಗಿಲು ಬಡಿಯುತ್ತ "ಅವ್ವಾ, ಅವ್ವಾ" ಎಂದು ಚೀರಿತು. ನಮ್ಮ ಮಹಡಿಯಲ್ಲಿ ಬಾಗಿಲು ತೆರೆದಾಗ ಅವರು ಅಲ್ಲೇ ನಿಂತಿದ್ದರು. ಅವನು ನನ್ನ ಕೈ ಕೊಡವಿ ಓಡಿ ಅವರ ಸೆರಗಿನಲ್ಲಿ ಮುಖ ಹುದುಗಿಸಿದ.

"ಅಂಜಿದ್ರೇನ್ರಿ ಅಕ್ಕಾರ?" ಎಂದು ಅವರು ನನ್ನ ಬೆನ್ನನ್ನೂ ಸವರಿದರು. ಬೈದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಮರುದಿನ ಮಧ್ಯಾಹ್ನ ಅವರ ರೈಲು. ಮೊಮ್ಮಗಳಿಗೆ ಬೆಳಿಗ್ಗೆಯೇ ಸ್ಕೂಲ್ ಬಸ್ಸಿನ ಹತ್ತಿರ ಹೇಳಿ ಬಂದಿದ್ದರು. ಹೊರಡುವ ಹೊತ್ತಿಗೆ ಮೊಮ್ಮಗ ನಿದ್ದೆ ಹೋಗಿದ್ದ.

"ಎಬ್ಬಿಸಿ ಒಂದ್ ಮಾತ್ ಹೇಳಿ ಹೋಗ್ತೀನ್ರಿ" ಎಂದರು.

"ಬೇಡಿ, ಎದ್ರೆ ರಂಪ ಮಾಡ್ತಾನೆ. ಹಾಗೇ ಹೊರಟುಬಿಡಿ" ಎಂದೆ.

ಮಗುವಿನ ಒಳ್ಳೆಯದಕ್ಕೇ ಎನ್ನುವ ಹಾಗೆ ಹೇಳಿದೆ. ನಿಜ ಅದಲ್ಲ. ಅವನು ಅವರ ಕೊರಳಿಗೆ ಜೋತುಬಿದ್ದು ಅಳುವುದನ್ನು ನೋಡಲು ನನ್ನಿಂದ ಆಗುತ್ತಿರಲಿಲ್ಲ. ಹೋಗಿ ಬರ್ತೀನಿ ಎನ್ನದೆ ಹೊಸ್ತಿಲು ದಾಟುವವರಲ್ಲ ಅವರು. ಚಪ್ಪಲಿ ಮೆಟ್ಟಿಕೊಂಡು, ಕೋಣೆಯ ಕಡೆ ನೋಡುತ್ತ ಸ್ವಲ್ಪ ಹೊತ್ತು ನಿಂತರು... ಆಮೇಲೆ ಚೀಲ ಎತ್ತಿಕೊಂಡರು.

ಮಗು ಎದ್ದು ಮಂಚದ ಕೆಳಗೆ, ಬಾಲ್ಕನಿಯಲ್ಲಿ, ಬಚ್ಚಲಿನಲ್ಲಿ ಹುಡುಕಿತು. "ಅವ್ವ ಕಿಧರ್?" ಎಂದು ಮೂರು ದಿನ ಕೇಳಿತು. ನಾಲ್ಕನೆಯ ದಿನ ಕೇಳಲಿಲ್ಲ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ.

ಏಪ್ರಿಲ್‌ನಲ್ಲಿ ಅವರ ಊರಿನಿಂದ ಫೋನು ಬಂತು. ಎದೆನೋವಂತೆ, ಆಸ್ಪತ್ರೆ ಸೇರುವ ಮೊದಲೇ... ಆ ಜೂನ್‌ನಲ್ಲಿ ನಾನು ಊರಿಗೆ ಹೊರಡಲಿಲ್ಲ. ನನ್ನ ಜಾಗಕ್ಕೆ ಬರುವವರು ಯಾರೂ ಇರಲಿಲ್ಲ. ಅಂದಿನಿಂದ ಹನ್ನೆರಡು ತಿಂಗಳೂ ನನ್ನವೇ. ಮಕ್ಕಳ ಜ್ವರ, ಹಟ, ಹೋಮ್‌ವರ್ಕ್ ಯಾವುದರ ಬಗ್ಗೆಯೂ ಗೊಣಗಿಕೊಳ್ಳಲು ನನಗೆ ಸಮಾನರೆಂದು ಈ ಊರಿನಲ್ಲಿ ಯಾರೂ ಇಲ್ಲ.

ನಿನ್ನೆ ಸಂಜೆ ಕೆಳಗೆ ಯಾರದೋ ಮದುವೆಯ ದಿಬ್ಬಣ ಬಂತು. ಪಟಾಕಿ ಸದ್ದಿಗೆ ಮೊಮ್ಮಗ ಪುಸ್ತಕದಿಂದ ತಲೆ ಎತ್ತಿದ. ಈಗ ಅವನಿಗೆ ಒಂಬತ್ತು.

"ಅಜ್ಜಿ, ಯಾದ್ ಹೈ? ನಾನು ಛೋಟಾ ಇದ್ದಾಗ ದೀವಾಲೀಲಿ ಪಟಾಕಿಗೆ ಹೆದರ್ತಿದ್ದೆ. ನೀನು ನನ್ನ ಕಿವಿ ಮುಚ್ಚಿ ಹಾಡು ಹೇಳ್ತಿದ್ದೆ."

ಅವನು ಹೆದರುತ್ತಿದ್ದ ಆ ದೀಪಾವಳಿಗಳೆಲ್ಲ ಬೀಗಿತ್ತಿಯ ಪಾಲಿನವು, ಆಗ ನಾನು ಈ ಮನೆಯಲ್ಲೇ ಇರಲಿಲ್ಲ. ಅವನ ಅಕ್ಕ ಇದ್ದಿದ್ದರೆ ತಿದ್ದುತ್ತಿದ್ದಳು, ಅವಳು ಟ್ಯೂಷನ್ನಿಗೆ ಹೋಗಿದ್ದಳು. ನಾನಲ್ಲ ಕಂದಾ, ಅದು ನಿನ್ನ ಅವ್ವ ಎಂದು ನಾನೇ ಹೇಳಬೇಕಿತ್ತು. ಅವನ ತಲೆಯಲ್ಲಿ ಅವರದೆಂದು ಉಳಿದದ್ದು ಬಹುಶಃ ಅದೊಂದೇ...

"ಹೂಂ ಕಣೋ, ನಾನೇ" ಎಂದುಬಿಟ್ಟೆ.