ಎಳೆ ಕೂಡಿಸುವ ಸೂರಮ್ಮನಿಗೆ ಮಗ್ಗವೇಕಿಲ್ಲ?

ಮೊಳಕಾಲ್ಮೂರಿನ ನೇಕಾರರ ಓಣಿಯಲ್ಲಿ ಇನ್ನೂ ಕೋಳಿ ಕೂಗುತ್ತಿದೆ. ಸೂರಮ್ಮ ಆಗಲೇ ಮಗ್ಗದ ಹಿಂದೆ ಕುಳಿತು ಬೆರಳ ತುದಿಗೆ ಬೂದಿ ಹಚ್ಚಿಕೊಂಡಿದ್ದಾಳೆ. ಮಗ್ಗದುದ್ದಕ್ಕೆ ಬಿಗಿದ, ನೇಯ್ದು ಮುಗಿದ ಹಾಸಿನದೊಂದು ಎಳೆ, ಹೊಸ ಹಾಸಿನದೊಂದು ಎಳೆ. ಎರಡನ್ನೂ ಸೇರಿಸಿ ಹೊಸೆಯುತ್ತಾಳೆ, ಮುಂದಿನದಕ್ಕೆ ಕೈ ಹಾಕುತ್ತಾಳೆ. ಹಾಸೊಂದಕ್ಕೆ ನಾಲ್ಕು ಸಾವಿರ ಎಳೆ, ಎರಡು ದಿನದ ಕೆಲಸ. ಓಣಿಯ ಹನ್ನೊಂದು ಮಗ್ಗಗಳಿಗೂ ಅವಳೇ ಬೇಕು. ಆದರೆ ಕೊನೆಯ ಎಳೆ ಕೂಡಿದ ಮೇಲೆ ಅವಳು ಎದ್ದು ಗೋಡೆ ಪಕ್ಕ ನಿಲ್ಲಬೇಕು. ಮೈದುನ ಬೊಮ್ಮಲಿಂಗಪ್ಪ ಬಂದು ಮಗ್ಗದ ಕೆಳಗಿನ ಗುಂಡಿಗೆ ಕಾಲಿಳಿಬಿಟ್ಟು ನೇಯಲು ಕೂರುತ್ತಾನೆ.

ಆ ಮಗ್ಗ ಸೂರಮ್ಮನ ಗಂಡನದು. ಪ್ಲೇಗಿನ ವರ್ಷ ಅವನು ತೀರಿಕೊಂಡ. ತಿಥಿಯ ಊಟ ಮುಗಿದ ದಿನವೇ ಮಗ್ಗ ತಮ್ಮನ ಪಾಲಾಯಿತು. ಹೆಂಗಸು ಮಗ್ಗದ ಗುಂಡಿಗೆ ಇಳಿಯಬಾರದಂತೆ, ಗಂಡ ಸತ್ತವಳಂತೂ ಇಳಿಯಲೇಬಾರದಂತೆ. ಆದರೆ ಮದುವೆ ಸೀರೆಯ ನಾಲ್ಕು ಸಾವಿರ ಎಳೆಗೂ ಅವಳ ಬೆರಳು ತಾಕಬಹುದು, ಅದಕ್ಕೆ ಯಾವ ಅಪಶಕುನವೂ ಇಲ್ಲ! ಈ ಕಟ್ಟಳೆ ಮಾಡಿದವರಿಗೆ ನಾಚಿಕೆಯಾಗಬೇಕು.

ನೇಯಲು ಬಾರದವಳೇನಲ್ಲ ಅವಳು. ಗಂಡ ಕೈ ಮುರಿದುಕೊಂಡಾಗ ಬಾಗಿಲು ಹಾಕಿಕೊಂಡು ಎರಡು ಸೀರೆ ನೇಯ್ದಿದ್ದಾಳೆ. "ಸಾವ್ಕಾರ್ರು ಸೆರಗು ಹಿಡ್ಕಂಡು ನೋಡಿ, ನಿನ್ ಗಂಡಂದು ಬಂಗಾರದ ಕೈ ಬಿಡಮ್ಮ ಅಂದ್ರು. ನಾನೂ ಹೂಂ ಅಂದೆ," ಎಂದು ನಗುತ್ತಾಳೆ. ಕೇಳಿದವರಿಗೆ ನಗು ಬರುವುದಿಲ್ಲ.

ಹೋದ ವರ್ಷ ಊರಿಗೆ ಸ್ವದೇಶಿಯ ಗಾಳಿ ಬೀಸಿತು. ವಿಲಾಯಿತಿಯಿಂದ ಬರುವ ಸೀಮೆ ಬಟ್ಟೆ ಬಿಡಿಸದಿದ್ದರೆ ಮಗ್ಗಗಳು ಮೂಲೆ ಸೇರುತ್ತವೆಂದು ನೇಕಾರರು ಸಂಘ ಕಟ್ಟಿದರು, ಬೊಮ್ಮಲಿಂಗಪ್ಪನೇ ಮುಂದಾಳು. ಸೀರೆ ಉಡುವವರು ಹೆಂಗಸರು, ಅವರ ಅಡುಗೆಮನೆಗೆ ಗಂಡಸರು ನುಗ್ಗಲಾದೀತೆ? ಆಗ ಅತ್ತಿಗೆಯ ನೆನಪಾಯಿತು. ತಳಕು, ನನ್ನಿವಾಳ ಎಂದು ಸುತ್ತಲ ಊರೂರಿಗೆ ಸೂರಮ್ಮ ಕಾಲು ಸವೆಸಿದಳು; ತೆಲುಗಿನವರ ಮನೆಯಲ್ಲಿ ತೆಲುಗಿನಲ್ಲೇ ಹೇಳಿದಳು. ನೂರಾ ಮೂವತ್ತು ಮನೆಯ ಹೆಂಗಸರು ಸೀಮೆ ಬಟ್ಟೆ ಉಡುವುದಿಲ್ಲವೆಂದು ಆಣೆ ಇಟ್ಟರು.

ಆಮೇಲೆ ಸಂಘದ ಸಭೆಯಲ್ಲಿ ಭಾಷಣವೋ ಭಾಷಣ. "ಮಾತೆಯರೇ, ನೀವೇ ನಮ್ಮ ಶಕ್ತಿ" ಎಂದು ಕೂಗಿದ್ದೇ ಕೂಗಿದ್ದು. ಮಾತೆಯರೆಲ್ಲ ಹೊರಗೆ ಗೋಡೆಯಾಚೆ ನಿಂತಿದ್ದರು. ಆರತಿ ತಟ್ಟೆ ಬರುವಾಗ ಸೂರಮ್ಮನನ್ನು ಅಲ್ಲಿಂದಲೂ ಆಚೆ ಸರಿಯಲು ಹೇಳಿದರು.

ಅವಳು ತನ್ನ ಮಗ್ಗ ಕೇಳಿದ್ದಕ್ಕೆ ಬೊಮ್ಮಲಿಂಗಪ್ಪ ಕೊಟ್ಟ ಉತ್ತರ ಇದು: "ಮೊದ್ಲು ಸ್ವದೇಶಿ ಗೆಲ್ಲಲಿ ಅತ್ತಿಗೆ. ಈಗ ಹೆಂಗಸರ ಮಾತು ತೆಗೆದ್ರೆ ಸಂಘ ಒಡೀತೈತೆ." ಎಂಥ ಸಂಘವಪ್ಪ ಇದು! ಹೆಂಗಸರ ಕಾಲು ಬೇಕು, ಬಾಯಿ ಬೇಡ.

ಜೊತೆಯಲ್ಲಿ ಎಳೆ ಕೂಡಿಸುವ ಲಕ್ಷ್ಮಕ್ಕನಿಗೆ ಇದೆಲ್ಲ ರೋಸಿಹೋಗಿದೆ. "ಅವರ ಸಹವಾಸಾನೇ ಬ್ಯಾಡ ಕಣೇ. ನಮ್ಮದು ನಾವು ಬ್ಯಾರೆ ಕೇಳಾನ. ಅವರ ಗಲಾಟೆಗೆ ಗಂಟು ಹಾಕಿದ್ರೆ ನಮ್ ಮಾತು ಮುಳುಗೋಗ್ತೈತೆ."

ಸೂರಮ್ಮ ಒಪ್ಪುವುದಿಲ್ಲ. "ಸೀಮೆ ಬಟ್ಟೆ ಬಂದು ಮಗ್ಗಾನೇ ನಿಂತೋದ್ರೆ ನಾನು ಎಲ್ಲಿ ಕೂರ್ಲಿ? ಸ್ವದೇಶಿನೂ ನಮ್ ಮಾತೂ ಎರಡೂ ಕೂಡ್ಲೇಬೇಕು ಲಕ್ಷ್ಮಕ್ಕ. ಆದ್ರೆ ಕೂಡ್ಸುವಾಗ ಎರಡು ಎಳೇನೂ ಒಂದೇ ಬಿಗಿ ಇರ್ಬೇಕು. ಒಂದನ್ನ ಸಡಿಲ ಬಿಟ್ರೆ ಲಾಳಿಗೆ ಸಿಕ್ಕಿ ಕಡಿಯೋದು ಅದೇ. ಹೋದ ಸಲ ನಮ್ ಮಾತು ಕೇಳ್ದೆ ಸುಮ್ನೆ ಊರೂರು ತಿರುಗಿ ನಾನು ಸಡಿಲ ಬಿಟ್ಟೆ, ತಪ್ಪು ನಂದೇ."

ತಪ್ಪು ಅವಳದಂತೆ! ಈ ಮಾತಿಗೆ ಮೈಯೆಲ್ಲ ಉರಿಯುತ್ತದೆ.

ಇವತ್ತು ಬೆಳಗ್ಗೆ ಬೊಮ್ಮಲಿಂಗಪ್ಪ ಹೊಸ ಕೆಲಸ ಹೊತ್ತು ತಂದಿದ್ದಾನೆ. ಮುಂದಿನ ತಿಂಗಳು ಚಳ್ಳಕೆರೆಯಲ್ಲಿ ದೊಡ್ಡ ಸಭೆ. ಅಲ್ಲಿನ ಹೆಂಗಸರನ್ನು ಒಪ್ಪಿಸಲು ಅತ್ತಿಗೆ ಹೋಗಬೇಕು. ಸೂರಮ್ಮ ತಲೆಯೆತ್ತದೆ ಕೇಳಿಸಿಕೊಂಡು ಕೊನೆಯ ಎಳೆ ಹೊಸೆಯುತ್ತಾಳೆ, ಬೂದಿ ಕೈ ಸೆರಗಿಗೆ ಒರೆಸಿಕೊಳ್ಳುತ್ತಾಳೆ. ಗೋಡೆಯ ಕಡೆ ಹೋಗುವುದಿಲ್ಲ. ಸುತ್ತಿ ಬಂದು ಗುಂಡಿಗೆ ಕಾಲಿಳಿಬಿಟ್ಟು ಕೂತು, ಲಾಳಿ ಕೈಗೆ ತೆಗೆದುಕೊಳ್ಳುತ್ತಾಳೆ.

"ಎದ್ದೇಳ್ರಿ ಅತ್ತಿಗೆ, ಜನ ನೋಡ್ತಾರೆ," ಬೊಮ್ಮಲಿಂಗಪ್ಪ ಬೀದಿಯತ್ತ ಕಣ್ಣು ಹಾಯಿಸಿ ಬೆವರುತ್ತಾನೆ.

"ಚಳ್ಳಕೆರೆಗೆ ಹೋಗ್ತೀನಪ್ಪ, ಇಲ್ಲ ಅಂದಿಲ್ಲ. ಆದ್ರೆ ಈ ಸಲ ಬರಿಗೈಯಾಗೆ ಹೋಗಲ್ಲ," ಎನ್ನುತ್ತಾಳೆ ಸೂರಮ್ಮ. "ಈ ಹಾಸಿನಾಗೆ ನಾನೇ ಸೀರೆ ನೇಯ್ದು ಹಿಡ್ಕಂಡು ಹೋಗ್ತೀನಿ. ಇದು ನಮ್ ಅತ್ತಿಗೆ ನೇಯ್ದಿದ್ದು ಅಂತ ಸಭೇಲಿ ಎದ್ದು ನಿಂತು ನೀನೇ ಹೇಳ್ಬೇಕು."