ಟಗರಿಗೆ ಕಟ್ಟಿದ ಬೆಲ್ಟು

ಮುದ್ದಪ್ಪ ಬದುಕಿದ್ದೇ ಹೆಚ್ಚು ಎಂದು ಸಿದ್ದಾಪುರದಲ್ಲಿ ಎಲ್ಲರೂ ಹೇಳುತ್ತಾರೆ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲದೆ ಜಗುಲಿಯ ಮೇಲೆ ಕೂತವನನ್ನು ದಿನಾ ನೋಡುವವನು ನಾನು, ಪಕ್ಕದ ಮನೆಯವನು.

ಇಪ್ಪತ್ತು ವರ್ಷ ಅವನು ಹುಣಸೆಮರ ಹತ್ತಿದ. ಹಣ್ಣಿನ ಕಾಲ ಬಂದರೆ ಮೊಳಕಾಲ್ಮೂರಿನ ತನಕ ಅವನಿಗೇ ಕರೆ. ತುದಿಕೊಂಬೆಯಲ್ಲಿ ನಿಂತು ಉದ್ದನೆಯ ಗಳದಿಂದ ಬಡಿಯುತ್ತಿದ್ದ, ಕೆಳಗೆ ಹೆಂಡತಿ ರಾಧಮ್ಮ ಆಯುತ್ತಿದ್ದಳು. ಉಳಿದ ದಿನ ಕುರಿ ಕಾಯುತ್ತಿದ್ದ. ಸ್ವಲ್ಪ ಜಂಬದ ಮನುಷ್ಯ, ಮರ ತನ್ನ ಮಾತು ಕೇಳುತ್ತದೆ ಅನ್ನುತ್ತಿದ್ದ.

ನಾನು ಬೆಟ್ಟದ ಮೇಲಿನ ಗಾಳಿಯಂತ್ರಗಳ ಕಾವಲು ಕೆಲಸದಲ್ಲಿದ್ದವನು. ಅಲ್ಲಿ ಬೆಲ್ಟು ಹಾಕದೆ ಯಾರೂ ಒಂದು ಮೆಟ್ಟಿಲೂ ಹತ್ತುವಂತಿಲ್ಲ. ಕೆಲಸ ಬಿಡುವಾಗ ಮೇಲಿನವರನ್ನು ಕಾಡಿ ಬೇಡಿ ಒಂದು ಬೆಲ್ಟು ತಂದು ಮುದ್ದಪ್ಪನಿಗೆ ಕೊಟ್ಟೆ. ತೊಡೆಗೂ ಹೆಗಲಿಗೂ ಪಟ್ಟಿ, ಗಟ್ಟಿ ಹಗ್ಗ, ಕೊಂಬೆಗೆ ಸುತ್ತಿ ಸಿಕ್ಕಿಸಲು ಉಕ್ಕಿನ ಕೊಂಡಿ. ಒಂದು ಸುಗ್ಗಿಯೆಲ್ಲ ಹಾಕಿಕೊಂಡ.

ಮರುವರ್ಷ ಗೌರಸಮುದ್ರದ ಮಾರಮ್ಮನಿಗೆ ಒಂದು ಟಗರನ್ನು ಹರಕೆ ಬಿಟ್ಟ. ಕೊಬ್ಬಿದ ಪ್ರಾಣಿ, ಎಂಥ ಹಗ್ಗವನ್ನೂ ಕಿತ್ತುಕೊಂಡು ಹೋಗುತ್ತಿತ್ತು. ದೇವರ ಟಗರು ಕಳೆದರೆ ಗತಿಯೇನು ಎಂದು ಮನೆಯಲ್ಲಿ ಅದೇ ಚಿಂತೆ.

ಆ ಸುಗ್ಗಿಯ ಒಂದು ದಿನ ಮರದ ಬುಡದಲ್ಲಿ ನಾನೂ ಇದ್ದೆ. ಅವನ ಸೊಂಟ ಬರಿದಾಗಿತ್ತು.

"ಬೆಲ್ಟ್ ಎಲ್ಲೋ?" ಅಂದೆ.

"ಟಗರಿಗೆ ಕಟ್ಟೀನಿ ರಾಜಣ್ಣ. ಅದೊಂದನ್ನೇ ಅದಕ್ಕೆ ಕಿತ್ಕೊಳ್ಳಾಕೆ ಆಗಿಲ್ಲ ನೋಡು. ಬಿಚ್ಚಿದ್ರೆ ಓಡೋಗ್ತೈತೆ. ಅಮ್ಮನ ಟಗರು, ಹುಡುಗಾಟನಾ?"

ನಾನು ನಕ್ಕೆ. ಹೌದು, ನಕ್ಕೆ. ಬೈದು ವಾಪಸು ಕಳಿಸಬೇಕಿದ್ದ ಬಾಯಿ ನಕ್ಕಿತು.

ಕೊಂಬೆಯೇನೂ ಮುರಿಯಲಿಲ್ಲ. ಬೀಸಿದ ಗಳದ ತುದಿ ಇನ್ನೊಂದು ಕೊಂಬೆಯ ಸಂದಿಗೆ ಸಿಕ್ಕಿತು. ಜೋರಾಗಿ ಎಳೆದ. ಗಳ ಒಮ್ಮೆಲೇ ಬಿಟ್ಟುಕೊಂಡು ಬಂತು, ಅದರ ಹಿಂದೆ ಅವನೂ ಬಂದ. ರಾಧಮ್ಮ ಹಣ್ಣಿನ ಪುಟ್ಟಿ ಹಿಡಿದೇ ನಿಂತಿದ್ದಳು. ನಾವು ನಾಲ್ವರು ಅವನ ಕೈಕಾಲು ಹಿಡಿದೆತ್ತಿ ಆಟೋಗೆ ಹಾಕಿದೆವು. ಹಾಗೆ ಎತ್ತಬಾರದಿತ್ತು, ಹಲಗೆಯ ಮೇಲೆ ಮಲಗಿಸಿ ತರಬೇಕಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು.

ನಾಲ್ಕು ತಿಂಗಳ ನಂತರ ಆಸ್ಪತ್ರೆಯಿಂದ ಊರಿಗೆ ಬಂದ. ಟಗರು ಮಾತ್ರ ಬೆಲ್ಟಿನಲ್ಲಿ ಭದ್ರವಾಗಿತ್ತು. ಹರಕೆಯೂ ಸಂದಿತು.

ಮುಂದಿನ ಸುಗ್ಗಿಗೆ ರಾಧಮ್ಮನ ತಮ್ಮ ಓಬಳೇಶ ಮರ ಹತ್ತುತ್ತೇನೆ ಎಂದು ಹೊರಟ. ಇಬ್ಬರು ಮಕ್ಕಳ ತಂದೆ. ಗೂಟದಲ್ಲಿ ನೇತಾಡುತ್ತಿದ್ದ ಬೆಲ್ಟು ತೆಗೆದುಕೊಂಡ.

"ಇಲ್ಲಿ ಕೊಡು," ಅಂದ ಮುದ್ದಪ್ಪ. ಪಟ್ಟಿಯನ್ನು ಮಡಿಸಿ ಮಡಿಸಿ ನೋಡಿದ. ಗಂಜಳ, ಬಿಸಿಲು, ಕಲ್ಲುಕಂಬದ ತಿಕ್ಕಾಟ ಎಲ್ಲ ಸೇರಿ ಹೊಲಿಗೆ ಬಿಟ್ಟಿತ್ತು, ಎಳೆಗಳು ಎದ್ದಿದ್ದವು. ಕುಡುಗೋಲು ಕೇಳಿ ತೆಗೆದುಕೊಂಡು ಬೆಲ್ಟನ್ನು ಎರಡು ತುಂಡು ಮಾಡಿ ಅಂಗಳಕ್ಕೆ ಎಸೆದ.

ಓಬಳೇಶನಿಗೆ ರೇಗಿತು. "ಹಂಗಾರೆ ಬರಿಮೈಲಿ ಹತ್ತೀನಿ ಬಿಡು ಭಾವ. ನೀನು ಹತ್ಲಿಲ್ವಾ ಇಪ್ಪತ್ತು ವರ್ಷ?"

ಮುದ್ದಪ್ಪ ನನ್ನನ್ನು ಕರೆದು, "ರಾಜಣ್ಣ, ನನ್ನ ಎತ್ಕೊಂಡೋಗಿ ಮರದ ಬುಡಕ್ಕೆ ಕೂರ್ಸು. ಈ ಸರ್ತಿ ಸರಿಯಾಗಿ ಎತ್ತು," ಅಂದ. ನನ್ನ ಕಣ್ಣಲ್ಲಿ ನೀರು ಬಂತು.

ಅದೇ ಮರ. ಕಾಂಡಕ್ಕೆ ಬೆನ್ನು ಕೊಟ್ಟು ಕೂತ. "ಬರಿಮೈಲಿ ಹತ್ತೋದಾದ್ರೆ ನನ್ನ ತಲೆ ಮೇಲೆ ಕಾಲಿಟ್ಟು ಹತ್ತು," ಅಂದ ಭಾವಮೈದನಿಗೆ. ಜನ ಆಡಿಕೊಂಡರು, ಇವನಿಗೆ ತಲೆಗೂ ಪೆಟ್ಟು ಬಿದ್ದಿದೆ ಅಂದರು. ಎರಡು ದಿನ ಬೆಳಗಿನಿಂದ ಸಂಜೆಯವರೆಗೆ ಹಾಗೇ ಅಡ್ಡ ಕೂತ. ಮೂರನೆಯ ದಿನ ನಾನು ಚಳ್ಳಕೆರೆಗೆ ಹೋಗಿ ಹೊಸ ಬೆಲ್ಟು ತಂದೆ.

ಓಬಳೇಶ ಹತ್ತಿದ. ಮುದ್ದಪ್ಪ ಕತ್ತೆತ್ತಿ ಕೂತಿದ್ದ.

"ಕೊಂಡಿ ಹಾಕಿದ್ಯಾ?"

"ಹಾಕಿದೀನಿ ಭಾವ."

"ಸದ್ದು ಕೇಳ್ಲಿಲ್ಲ. ಇನ್ನೊಂದ್ಸಲ ಹಾಕು."

ಟಕ್ ಎಂದಿತು. ಕೊಂಬೆ ಬದಲಿಸಿದಾಗಲೆಲ್ಲ ಅದೇ ಪ್ರಶ್ನೆ, ಅದೇ ಸದ್ದು. ಹಣ್ಣು ಅವನ ತಲೆಯ ಮೇಲೂ ಉದುರುತ್ತಿತ್ತು, ಅವನು ಅಲುಗಲಿಲ್ಲ. ಸಂಜೆ ಓಬಳೇಶನ ಎರಡೂ ಕಾಲು ನೆಲಕ್ಕೆ ತಾಗಿದ ಮೇಲೆ ಅವುಗಳನ್ನೇ ಸ್ವಲ್ಪ ಹೊತ್ತು ನೋಡಿದ.

"ಈಗ ನನ್ನನ್ನ ಮನೆಗೆ ಎತ್ಕೊಂಡೋಗು ರಾಜಣ್ಣ," ಅಂದ.