ಹಡಗಿನ ಮುತ್ಯಾನ ಕೂಗು

ಮೊದಲೇ ಹೇಳಿಬಿಡುತ್ತೇನೆ: ಯುದ್ಧದಲ್ಲಿ ಸಮುದ್ರದ ಪಾಲಾದ ನಮ್ಮ ಮನೆಯ ಹುಡುಗನ ಕೂಗನ್ನು ಸೇಡಂನ ಒಂದು ಮದುವೆಯಲ್ಲಿ ಚಪ್ಪಾಳೆಗೋಸ್ಕರ ಕೂಗಿದ ಮೂರ್ಖ ನಾನೇ. ವಾಡಿ ಜಂಕ್ಷನ್ನಿನ ಅನೌನ್ಸ್‌ಮೆಂಟು, ಶಹಾಬಾದಿನ ಫರಸಿ ಕಲ್ಲು ಕೊಯ್ಯುವ ಯಂತ್ರ, ನಮ್ಮ ಮುತ್ಯಾನ, ಅಂದರೆ ಅಜ್ಜನ, ಕೆಮ್ಮು, ಇಷ್ಟರ ಮಿಮಿಕ್ರಿಯೂ ಮುಗಿದ ಮೇಲೆ ಜನ ಇನ್ನೊಂದು ಇನ್ನೊಂದು ಎಂದರು. ನನ್ನ ಸರಕು ಖಾಲಿಯಾಗಿತ್ತು. ಸ್ವಂತ ದನಿ ತೋರಿಸೋಣವೆಂದರೆ ಅದು ಯಾವುದೆಂದು ನನಗೇ ಗೊತ್ತಿಲ್ಲ. ಬಾಯಿಗೆ ಬಂದದ್ದು ಆ ಕೂಗು.

ನಮ್ಮದು ಚಿತ್ತಾಪುರದ ಕಡೆ ಕಾಗಿಣಾ ದಂಡೆಯ ದೋಣಿ ಮನೆತನ. ಸೇತುವೆ ಆಗುವ ಮುಂಚೆ ಆಚೆ ದಂಡೆಯಲ್ಲಿ ನಿಂತವರು ಕೂಗಿದರೆ ಈಚೆಯಿಂದ ದೋಣಿ ಹೋಗುತ್ತಿತ್ತು. ಮನೆಯವರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕೂಗು. ಮುಖ ಕಾಣದಿದ್ದರೂ ಯಾರೆಂದು ತಿಳಿಯಬೇಕು. ಕೇಳಿಸಿಕೊಂಡವರು ಯಾರೇ ಇರಲಿ, ‘ಬಂದೇ’ ಎಂದು ಓಗೊಡಲೇಬೇಕು. ನಮ್ಮ ಮುತ್ಯಾನ ಕಿರಿಯ ತಮ್ಮ ತನ್ನ ಕೂಗು ಕಟ್ಟಿಕೊಂಡದ್ದು ದನಿ ಒಡೆಯುವ ವಯಸ್ಸಿನಲ್ಲಿ. ‘ಓ... ಹೋಯ್’ ಎಂದು ಏರಿ, ಕೊನೆಗೆ ಆಡಿನ ಮರಿಯ ಹಾಗೆ ಮುರಿಯುತ್ತಿತ್ತು. ದನಿ ಗಟ್ಟಿಯಾದ ಮೇಲೂ ಬೇಕೆಂದೇ ಹಾಗೆ ಮುರಿಯುತ್ತಿದ್ದನಂತೆ. ಹೊಳೆಯ ಈಜು ನಂಬಿ ನೌಕಾಪಡೆ ಸೇರಿದ. ಎಪ್ಪತ್ತೊಂದರ ಯುದ್ಧದಲ್ಲಿ, ಮೀಸೆ ಸರಿಯಾಗಿ ಮೂಡುವ ಮೊದಲೇ, ಹಡಗಿನೊಂದಿಗೆ ಮುಳುಗಿದ. ನಮ್ಮ ಪಾಲಿಗೆ ಅವನು ಹಡಗಿನ ಮುತ್ಯಾ. ಈಗ ನಾನು ಅವನ ಆ ವಯಸ್ಸಿಗಿಂತ ಎರಡು ವರ್ಷ ದೊಡ್ಡವನು. ಆದರೂ ಮುತ್ಯಾ ಅವನೇ.

ನೀರಿಗೆ ಹೋದವರು ಸಿಗದಿದ್ದರೆ ನಮ್ಮ ಮನೆಯಲ್ಲಿ ಒಂದು ಪದ್ಧತಿ. ದಂಡೆಯಲ್ಲಿ ನಿಂತು ಅವರದೇ ಕೂಗನ್ನು ಮೂರು ಸಲ ಕೂಗಬೇಕು. ಮೂರನೆಯ ಕೂಗಾದ ಮೇಲೆ ಮನೆಯವರು ತುಟಿ ಬಿಚ್ಚುವಂತಿಲ್ಲ. ನೀರಿನ ಕಡೆಯಿಂದ ಓ ಎನ್ನುವ ದನಿ ಬರದಿದ್ದರೆ ಮುಗಿಯಿತು, ಅಂದೇ ಅವರಿಗೆ ಮೊದಲ ಎಡೆ. ಹಡಗಿನ ಮುತ್ಯಾನನ್ನು ಯಾರೂ ಕೂಗಲಿಲ್ಲ. ಅವನ ತಾಯಿ ಕೂಗಗೊಡಲಿಲ್ಲ. ಮೂರನೆಯ ಕೂಗಿನ ನಂತರದ ಮೌನ ಆಕೆಗೆ ಬೇಕಿರಲಿಲ್ಲ. ಆಕೆ ಹೋದ ಮೇಲೆ ಆ ಮಾತನ್ನು ನಮ್ಮ ಮುತ್ಯಾ ಕಾಯುತ್ತ ಕುಳಿತ. ಪ್ರತಿ ವರ್ಷ ಹಿರಿಯರ ಅಮಾವಾಸ್ಯೆಗೆ ತೀರಿಹೋದ ಎಲ್ಲರಿಗೂ ಒಂದೊಂದು ಎಡೆಯ ಎಲೆ ಬೀಳುತ್ತದೆ, ಅವನೊಬ್ಬನಿಗೆ ಇಲ್ಲ.

ಆ ಮದುವೆಯಲ್ಲಿ ಮುಂದಿನ ಸಾಲಿನಲ್ಲೇ ಚಿಂಚೋಳಿ ಆಯಿ ಕುಳಿತಿದ್ದಳು. ಮುತ್ಯಾನ ತಂಗಿ, ಹಡಗಿನ ಮುತ್ಯಾನ ಅಕ್ಕ; ಬಯ್ಯುವುದು ಅರ್ಧ ಕನ್ನಡದಲ್ಲಿ, ಅರ್ಧ ತೆಲುಗಿನಲ್ಲಿ. ಕೂಗು ನನಗೆ ಸಿಕ್ಕಿದ್ದೂ ಆಕೆಯಿಂದಲೇ. ಚಂದ್ರಂಪಳ್ಳಿಯ ಒಡ್ಡಿನ ಮೇಲೆ ಕಾಡಿ ಬೇಡಿದ್ದಕ್ಕೆ ಪಿಸುದನಿಯಲ್ಲಿ ಅಂದು ತೋರಿಸಿದ್ದಳು. ಈಗ ಚಪ್ಪರವೆಲ್ಲ ನಗುತ್ತಿರುವಾಗ ಎದ್ದು ಸೀದಾ ನನ್ನ ಹತ್ತಿರ ಬಂದಳು. ನಾನು ಕೆನ್ನೆ ಸಿದ್ಧ ಮಾಡಿಕೊಂಡೆ.

“ಇನ್ನೊಂದ್ ಸಲ ಒದರು,” ಎಂದಳು.

ಒದರಿದೆ.

“ಕೊನಿಗಿ ಇನ್ನಾ ಜರಾ ಮುರೀಬೇಕಲೇ ಹುಚ್ಚಾ. ಆದ್ರೂ ಅಂವಂದೇ ದನಿ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ನನಗ ಗಂಟಲ ಉಳದಿಲ್ಲ, ನಿನಗ ಬುದ್ಧಿ ಬಂದಿಲ್ಲ. ಇಬ್ರೂ ಕೂಡಿದ್ರ ಕೆಲಸ ಆಗ್ತದ. ನಾಳಿ ಹೊಳಿ ದಂಡಿಗಿ ನಡಿ. ನಾ ಸಾಯೋದ್ರಾಗ ನನ್ನ ತಮ್ಮಗ ಒಂದು ಎಲಿ ಬೀಳಬೇಕು.”

ಮರುದಿನ ಮನೆಯಲ್ಲಿ ಮುತ್ಯಾ ಹೊಸ್ತಿಲಿಗೆ ಅಡ್ಡ ಕುಳಿತ. “ಅವ್ವ ಬ್ಯಾಡ ಅಂದಾಳ. ಮುಗೀತು.”

“ಅವ್ವ ನಿನಗ ಬೀಡಿನೂ ಸೇದಬ್ಯಾಡ ಅಂದಿದ್ಳು, ಅಣ್ಣಾ. ಅದೊಂದು ನೆನಪಿಲ್ಲೇನು?”

ಮುತ್ಯಾ ಕೆಮ್ಮಿದ. ಅಸಲಿ ಕೆಮ್ಮು; ನನ್ನದು ಅದರ ಮುಂದೆ ಏನೂ ಅಲ್ಲ. ಕೆಮ್ಮು ನಿಂತ ಮೇಲೆ ಚಪ್ಪಲಿ ಹುಡುಕಿದ. “ಬರ್ತೀನಿ. ಆದ್ರ ಎಲ್ಲಾ ಪದ್ಧತಿ ಪ್ರಕಾರನೇ ಆಗಬೇಕು, ನೋಡು.”

ದಂಡೆಗೆ ಮನೆ ಮಂದಿಯೆಲ್ಲ ಬಂದರು, ಹೋಳಿಗೆಯ ಡಬ್ಬಿ ಸಮೇತ. ನಾನು ಕೂಗಿದೆ. ಮೊದಲನೆಯದು ಚಿತ್ತಾಪುರ ಬಸ್ಸಿನ ಕಂಡಕ್ಟರ್ ಟಿಕೆಟ್ ಕೇಳಿದ ಹಾಗಾಯಿತು.

“ಏನ್ ಒದರ್ಲಿಕತ್ತೀಯೋ? ಈ ದನಿ ಕೇಳಿದ್ರ ಬರೋ ಮನುಷ್ಯನೂ ಹಿಂದ ಹೊಳ್ಳತಾನ,” ಎಂದ ಮುತ್ಯಾ.

ಎರಡನೆಯದು ಪರವಾಗಿಲ್ಲ. ಮೂರನೆಯದಕ್ಕೆ ಆಯಿ ನನ್ನ ಬೆನ್ನಿಗೆ ಬೆರಳು ಚುಚ್ಚಿದಳು. ದನಿ ಏರಿತು, ಕೊನೆಗೆ ಚೂರಾಯಿತು. ಎಲ್ಲರೂ ತುಟಿ ಬಿಗಿಹಿಡಿದರು.

ಆಚೆ ದಂಡೆಯಲ್ಲಿ ಎಮ್ಮೆ ತೊಳೆಯುತ್ತಿದ್ದ ಮುದುಕನೊಬ್ಬ ಸೊಂಟ ನೆಟ್ಟಗೆ ಮಾಡಿದ. ಕೈ ಎರಡೂ ಬಾಯಿಗೆ ಹಿಡಿದ.

“ಬಂದೇ...! ನಿಂದರ್ರೀ...!”

ಆತನಿಗೆ ದೋಣಿ ಇಲ್ಲ. ಹೊಳೆಯಲ್ಲಿ ಯಾರ ದೋಣಿಯೂ ಇಲ್ಲ. ಚಿಕ್ಕಂದಿನ ರೂಢಿ, ಅಷ್ಟೇ. ಬಟ್ಟೆ ಒಗೆಯುತ್ತಿದ್ದ ಹೆಂಗಸರು ನಗುತ್ತ ದನಿಗೂಡಿಸಿದರು: ಬಂದೇ! ನಮ್ಮ ಕಡೆ ಮೊದಲು ತುಟಿ ಬಿಚ್ಚಿದವನು ಅಪ್ಪ, ಆಮೇಲೆ ಅತ್ತೆಯರು, ಮಕ್ಕಳು. ಹೊಳೆಯ ಎರಡೂ ದಂಡೆ ಬಂದೇ ಬಂದೇ ಎಂದು ಗದ್ದಲವೋ ಗದ್ದಲ. ಎಲ್ಲರಿಗಿಂತ ಮೇಲೆ ಒಂದು ಮುದಿ ದನಿ ಗುಡುಗಿತು. ತಿರುಗಿ ನೋಡಿದರೆ ನಮ್ಮ ಮುತ್ಯಾ, ಕಣ್ಣು ಮುಚ್ಚಿಕೊಂಡು, ಒಂದೂ ಕೆಮ್ಮಿಲ್ಲದೆ, ತಮ್ಮನಿಗೆ ಓಗೊಡುತ್ತಿದ್ದ. ಹಾರ ಹಾಕಿ ಕರೆಸಿದ ಕಾರ್ಯಕ್ರಮಗಳಲ್ಲೂ ನನ್ನ ದನಿಗೆ ಇಂಥ ಉತ್ತರ ಸಿಕ್ಕಿಲ್ಲ.

ಗದ್ದಲ ಇಳಿದ ಮೇಲೆ ಮುತ್ಯಾನಿಗೆ ಪದ್ಧತಿ ನೆನಪಾಯಿತು. ಗಾಬರಿಯಾದ.

“ಈಗೇನ್ ಮಾಡ್ತೀ, ತಂಗೀ? ಓ ಅಂದಾರಲ್ಲ. ಓ ಅಂದ್ರ ಎಡಿ ಇಡಂಗಿಲ್ಲ. ಪದ್ಧತಿ ಪ್ರಕಾರ ಅಂವ ಸತ್ತೇ ಇಲ್ಲ!”

ಎಲ್ಲರೂ ಆಯಿಯ ಕಡೆ ನೋಡಿದರು. ಆಯಿ ಆಗಲೇ ಬಂಡೆಯ ಮೇಲೆ ಮುತ್ತಲ ಎಲೆ ಹಾಸಿ, ನೀರು ಚಿಮುಕಿಸಿ, ಹೋಳಿಗೆ ಬಡಿಸಿದ್ದಳು. ತಲೆ ಎತ್ತದೆ ಕೈ ಮಾತ್ರ ಚಾಚಿದಳು.

“ಸತ್ತಿದ್ರ ಎಡಿ ಅನ್ನು, ಬಂದಿದ್ರ ಊಟ ಅನ್ನು. ನನ್ನ ತಮ್ಮ ಭಾಳ ಹಸದಾನ. ತುಪ್ಪ ಈ ಕಡಿ ಕೊಡು, ಅಣ್ಣಾ.”